ಕಲಾವಿದರಿಗೆ ಸೈಟು ಬೇಡ, ಕೆಲಸ ಮಾಡಲಾಗುವ ಬಾಡಿಗೆ ಮನೆ ಕೊಡಿ

ಮಾನ್ಯ ಸಂಪಾದಕರೆ,

ವರ್ಷಕ್ಕೊಮ್ಮೆ ಕಲಾವಿದರು ಬೀದಿಯಲ್ಲೇ ತಮ್ಮ ಕೃತಿಗಳನ್ನು ಮಾರುವ ಚಿತ್ರಸಂತೆಯ ದಿನ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಮ್ಮಲ್ಲಿ ಇಷ್ಟೊಂದು ಕಲಾವಿದರಿದ್ದಾರಲ್ಲ ಎಂದು ಎಲ್ಲರಿಗೂ ಖುಷಿ. ಇವರೆಲ್ಲ ಉಳಿದ ದಿನ ಎಲ್ಲಿ ಕೂತು ಕೆಲಸ ಮಾಡುತ್ತಾರೆ ಎಂದು ಕೇಳಬೇಕಾದವರು ಕೇಳುತ್ತಿಲ್ಲ.

ನಾನು ಮಣ್ಣು ಮತ್ತು ಪ್ಲಾಸ್ಟರ್‌ನಲ್ಲಿ ಕೆಲಸ ಮಾಡುವ ಶಿಲ್ಪಿ. ಆಳೆತ್ತರದ ಮೂರ್ತಿಗೆ ಮಣ್ಣು ಮೆತ್ತಿದ ಮೇಲೆ ಅದು ಒಣಗದಂತೆ ಬೆಳಿಗ್ಗೆ, ರಾತ್ರಿ ನೀರು ಚಿಮುಕಿಸಿ, ಒದ್ದೆ ಬಟ್ಟೆ ಹೊದಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಬೇಕು. ಬೇಸಿಗೆಯಲ್ಲಿ ಮೈಮರೆತರೆ ತೋಳಿನ ಹತ್ತಿರ ಬಿರುಕು ಬಿಡುತ್ತದೆ. ಮನೆ ಒಂದು ಕಡೆ, ಕೆಲಸ ಇನ್ನೊಂದು ಕಡೆ ಇದ್ದರೆ ಇದು ಆಗದ ಮಾತು. ಹಾಗಂತ ಬಾಡಿಗೆ ಮನೆಯಲ್ಲೇ ಮಾಡಿದರೆ, ಪ್ಲಾಸ್ಟರ್ ಬಕೆಟ್ ತೊಳೆದ ನೀರು ಪೈಪಿನೊಳಗೆ ಗಟ್ಟಿಯಾಗಿ ಕೂರುತ್ತದೆ. ಹಿಂದಿನ ಮನೆಯ ಓನರ್ ಅಡ್ವಾನ್ಸ್‌ನಲ್ಲಿ ಪೈಪಿನ ಖರ್ಚು ಹಿಡಿದುಕೊಂಡು ಖಾಲಿ ಮಾಡಿಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಆ ಮನೆ ಕಟ್ಟಿಸಿದ್ದು ಸಂಸಾರ ಹೂಡುವವರಿಗೆ. ಇನ್ನು ಕೈಗಾರಿಕಾ ಪ್ರದೇಶದ ಶೆಡ್ಡಿನಲ್ಲಿ ವಾಸ ಮಾಡುವಂತಿಲ್ಲ. ಎರಡೆರಡು ಬಾಡಿಗೆ ಕಟ್ಟುವ ವರಮಾನ ನಮ್ಮಲ್ಲಿ ಎಷ್ಟು ಜನಕ್ಕಿದೆ? ಕಲಾಶಾಲೆ ಮುಗಿಸಿದ ಎಷ್ಟೋ ಹುಡುಗ ಹುಡುಗಿಯರು ಉಳಿ ಕೆಳಗಿಟ್ಟಿರುವುದು ಜಾಗವಿಲ್ಲದೆ.

1966ರಲ್ಲಿ ಚಿತ್ರಕಲಾವಿದ ಕೆ.ಸಿ.ಎಸ್. ಪಣಿಕ್ಕರ್ ಮತ್ತು ಅವರ ಜೊತೆಗಾರರು ಮದರಾಸಿನ ಹೊರಗೆ ಇಂಜಂಬಾಕ್ಕಂನಲ್ಲಿ ಚೋಳಮಂಡಲ ಕಲಾಗ್ರಾಮ ಕಟ್ಟಿದರು. ಕರಕುಶಲ ವಸ್ತು ಮಾರಿ ಬಂದ ದುಡ್ಡು ಅದಕ್ಕೆ ಆಸರೆಯಾಯಿತು. ದೊಡ್ಡ ಸಾಹಸ ಅದು. ಆದರೆ ಇವತ್ತು ಬಿಡದಿಯಲ್ಲೋ ದೇವನಹಳ್ಳಿಯಲ್ಲೋ ಕಲಾವಿದರು ಹಾಗೆ ಜಮೀನು ಕೊಳ್ಳುವ ಮಾತೆಲ್ಲಿ? ನಮಗೆ ಹೊಂದುವುದು ನ್ಯೂಯಾರ್ಕಿನ ವೆಸ್ಟ್‌ಬೆತ್. ಬೆಲ್ ಕಂಪನಿಯ ಹಳೆಯ ಪ್ರಯೋಗಾಲಯದ ಕಟ್ಟಡಗಳಲ್ಲಿ 384 ಮನೆ ಮಾಡಿ 1970ರಲ್ಲಿ ಕಲಾವಿದರಿಗೆ ತೆರೆದರು. ಅಲ್ಲಿರುವುದು ಕಡಿಮೆ ಬಾಡಿಗೆಯ ಮನೆಗಳು. ಸೈಟು ಹಂಚಿದರೆ ಪಡೆದವರೊಬ್ಬರಿಗೆ ಅನುಕೂಲ. ಅವರು ಮಾರಿದ ದಿನ ಅದು ಕಲಾವಿದರ ಕೈತಪ್ಪುತ್ತದೆ. ಬಾಡಿಗೆ ಮನೆಯಾದರೆ ಒಬ್ಬರು ಬಿಟ್ಟಾಗ ಇನ್ನೊಬ್ಬರು ಬರಬಹುದು.

ನೇಕಾರರಿಗೆ ಮನೆಯ ಜೊತೆಗೇ ಮಗ್ಗದ ಶೆಡ್ ಕಟ್ಟಿಕೊಡುವ ಯೋಜನೆ ನಮ್ಮ ಸರ್ಕಾರಗಳಿಗೆ ಹೊಸದಲ್ಲ. ಅದೇ ವಿವೇಕವನ್ನು ಚಿತ್ರ, ಶಿಲ್ಪ, ಮುದ್ರಣ ಕಲೆ ಮಾಡುವವರಿಗೂ ತೋರಿಸಲಿ. ಗೃಹ ಮಂಡಳಿ ತನ್ನ ಮುಂದಿನ ಬಡಾವಣೆಯಲ್ಲಿ ಒಂದು ಕಟ್ಟಡದ ನೆಲಮಹಡಿಯನ್ನಾದರೂ ಇದಕ್ಕೆ ಬಿಡಲಿ. ಬೇಕಾಗಿರುವುದು ಅಮೃತಶಿಲೆಯ ನೆಲವಲ್ಲ. ಹದಿನಾಲ್ಕು ಅಡಿ ಎತ್ತರದ ಸೂರು, ಉತ್ತರದ ಬೆಳಕು ಬರುವ ಕಿಟಕಿ, ಮೂರ್ತಿ ಹೊರಗೆ ಹೋಗುವಷ್ಟು ಅಗಲದ ಬಾಗಿಲು, ಪ್ಲಾಸ್ಟರ್ ಗಸಿ ತಳದಲ್ಲಿ ಕೂರಲು ಮೋರಿಗೆ ಮುಂಚೆ ಒಂದು ತೊಟ್ಟಿ. ಹಿಂದೆ ಒಂದು ರೂಮು, ಅಡುಗೆಮನೆ. ಮಲ್ಲೇಶ್ವರದ ಮೈಸೂರು ಲ್ಯಾಂಪ್ಸ್, ಬೈಯಪ್ಪನಹಳ್ಳಿಯ ಎನ್‌ಜಿಇಎಫ್‌ನಂಥ ಮುಚ್ಚಿದ ಕಾರ್ಖಾನೆಗಳ ಜಾಗಗಳನ್ನು ಏನು ಮಾಡಬೇಕೆಂಬ ಚರ್ಚೆ ಬಂದಾಗಲೂ ಒಂದೆರಡು ಶೆಡ್ಡು ನಮ್ಮ ಲೆಕ್ಕಕ್ಕೆ ಬರಲಿ.

ಆಯ್ಕೆ ಮಾಡುವಾಗ ಪ್ರಶಸ್ತಿ, ಶಿಫಾರಸು ಪತ್ರ ನೋಡಬೇಡಿ, ಇತ್ತೀಚಿನ ವರ್ಷಗಳಲ್ಲಿ ಮಾಡಿದ ಕೆಲಸ ನೋಡಿ. ಬಾಡಿಗೆಯನ್ನು ವರಮಾನಕ್ಕೆ ತಕ್ಕಂತೆ ಗೊತ್ತುಮಾಡಿ. ಧರ್ಮಕ್ಕೆ ಯಾರೂ ಕೇಳುತ್ತಿಲ್ಲ, ತಿಂಗಳು ತಿಂಗಳು ಕಟ್ಟುತ್ತೇವೆ.

– ಒಬ್ಬ ಶಿಲ್ಪಿ, ನಾಗರಭಾವಿ, ಬೆಂಗಳೂರು