‘ಬ್ರೆಜಿಲ್’ ಚಿತ್ರದ ಕೊನೆ: ನೀವು ನೋಡಿದ್ದು ಎಷ್ಟು ನಿಮಿಷದ್ದು?

ಮಾನ್ಯ ಸಂಪಾದಕರೆ,

ಟೆರಿ ಗಿಲಿಯಂ ನಿರ್ದೇಶಿಸಿದ 1985ರ ‘ಬ್ರೆಜಿಲ್’ ಚಿತ್ರದ ಕೊನೆಯ ಬಗ್ಗೆ ನಿಮ್ಮ ಓದುಗರ ಅಂಕಣದಲ್ಲಿ ಬರುತ್ತಿರುವ ಪತ್ರಗಳನ್ನು ಬಿಡದೆ ಓದುತ್ತಿದ್ದೇವೆ. ನಾಯಕ ಪಾರಾದ ಎಂದು ಒಬ್ಬರು ಬರೆದಿದ್ದಾರೆ. ಇಲ್ಲ, ಅವನಿಗೆ ಬುದ್ಧಿಭ್ರಮಣೆಯಾಯಿತು ಎಂದು ಇನ್ನೊಬ್ಬರು. ಇಷ್ಟೊಂದು ಹತಾಶೆಯ ಚಿತ್ರವನ್ನು ಯಾಕಾದರೂ ನೋಡಬೇಕು ಎಂಬುದು ಮತ್ತೊಬ್ಬರ ಪ್ರಶ್ನೆ. ಎಲ್ಲರೂ ಒಂದೇ ಚಿತ್ರ ನೋಡಿದ್ದೇವೆ ಎಂದುಕೊಂಡು ವಾದಿಸುತ್ತಿದ್ದಾರೆ. ನಮಗೆ ಅನುಮಾನ ಬಂದಿರುವುದು ಅಲ್ಲಿಯೇ. ಆ ಹೆಸರಿನಲ್ಲಿ ಮೂರು ಆವೃತ್ತಿಗಳಿವೆ, ಅವುಗಳಲ್ಲಿ ಒಂದರ ಕೊನೆ ಉಳಿದೆರಡಕ್ಕೆ ನೇರ ವಿರುದ್ಧ.

ಕೊನೆಯನ್ನು ಬಿಚ್ಚಿ ಹೇಳದೆ ಈ ಪತ್ರ ಬರೆಯುವಂತಿಲ್ಲ. ಚಿತ್ರ ನೋಡದವರು ಇಲ್ಲಿಗೇ ನಿಲ್ಲಿಸಿ, ನೋಡಿದ ಮೇಲೆ ಓದಲಿ.

ಮೊದಲು ಲೆಕ್ಕ. ಯುರೋಪಿನಲ್ಲಿ ಬಿಡುಗಡೆಯಾದದ್ದು 142 ನಿಮಿಷದ ಚಿತ್ರ. ಅಮೆರಿಕದಲ್ಲಿ ಅದೇ ವರ್ಷದ ಡಿಸೆಂಬರ್‌ನಲ್ಲಿ ತೆರೆಕಂಡದ್ದು 132 ನಿಮಿಷದ್ದು. ಆ ಕತ್ತರಿ ಗಿಲಿಯಂ ಅವರದೇ, ಕೊನೆಯ ಅರ್ಥ ಬದಲಾಗಿಲ್ಲ. ಮೂರನೆಯದು 94 ನಿಮಿಷದ್ದು. ಯೂನಿವರ್ಸಲ್ ಸ್ಟುಡಿಯೊದ ಮುಖ್ಯಸ್ಥ ಸಿಡ್ ಶೈನ್‌ಬರ್ಗ್ ಅವರ ಇಚ್ಛೆಯಂತೆ ಸಂಕಲನಗೊಂಡ ಇದು ಚಿತ್ರಮಂದಿರಕ್ಕೆ ಬರಲೇ ಇಲ್ಲ, ಅಮೆರಿಕದ ಟಿ.ವಿ.ಗಳಲ್ಲಿ ಬಂತು. ‘ಪ್ರೀತಿ ಎಲ್ಲವನ್ನೂ ಗೆಲ್ಲುತ್ತದೆ’ ಎಂಬರ್ಥದ ಹೆಸರಿನಿಂದ ಚಿತ್ರಪ್ರೇಮಿಗಳು ಅದನ್ನು ಗುರುತಿಸುತ್ತಾರೆ. ಚಿತ್ರದ ನಾಯಕ ಸ್ಯಾಮ್ ಸರ್ಕಾರಿ ಕಚೇರಿಯ ಒಬ್ಬ ಸಣ್ಣ ನೌಕರ; ಅವನು ಕಾಣುವ ಕನಸುಗಳಲ್ಲಿ ಬಹುಪಾಲು ಅದರಲ್ಲಿಲ್ಲ. ಸ್ಯಾಮ್ ಮತ್ತು ಅವನ ಪ್ರೇಯಸಿ ಜಿಲ್ ಹಸಿರು ಕಣಿವೆ ಸೇರುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಅದನ್ನು ನೋಡಿದವರು ‘ನಾಯಕ ಪಾರಾದ’ ಎಂದರೆ ಅದು ಅವರ ತಪ್ಪಲ್ಲ. ಅವರಿಗೆ ತೋರಿಸಿದ್ದೇ ಅಷ್ಟು.

ನಿಮ್ಮ ಬಳಿ ಇರುವುದು ಯಾವುದು ಎಂದು ತಿಳಿಯಲು ಬರೀ ನಿಮಿಷ ನೋಡಿದರೆ ಸಾಲದು. ಚಿತ್ರ ಓಡುವುದು ಸೆಕೆಂಡಿಗೆ 24 ಚೌಕಟ್ಟಿನ ವೇಗದಲ್ಲಿ. ಯುರೋಪಿನ ಹಳೆಯ ಟಿ.ವಿ. ಪದ್ಧತಿಯಾದ ಪಾಲ್‌ಗೆ ಇಳಿಸಿದಾಗ ಸೆಕೆಂಡಿಗೆ 25 ಓಡುತ್ತವೆ. ಆಗ ಒಂದು ದೃಶ್ಯವೂ ಕಡಿಮೆಯಾಗದೆ 142 ನಿಮಿಷ ಸುಮಾರು 136ಕ್ಕೆ ಇಳಿಯುತ್ತದೆ, 132 ಸುಮಾರು 127 ಆಗುತ್ತದೆ, 94 ಸುಮಾರು 90 ಆಗುತ್ತದೆ. ದನಿಯೂ ಒಂದಿಷ್ಟು ತೆಳ್ಳಗಾಗುತ್ತದೆ. ಹಳೆಯ ಡಿವಿಡಿಯ ಮೇಲೆ 136 ಎಂದು ನೋಡಿ ‘ಆರು ನಿಮಿಷ ಕತ್ತರಿಸಿದ್ದಾರೆ’ ಎಂದು ದೂರುವವರಿದ್ದಾರೆ. ಕತ್ತರಿಸಿಲ್ಲ, ಬೇಗ ಓಡಿಸಿದ್ದಾರೆ.

ಇನ್ನೂ ಖಚಿತವಾದ ಪರೀಕ್ಷೆ ಕಡೆಯ ಮೂರು ನಿಮಿಷ. ಹಸಿರು ಕಣಿವೆಯ ಚಿತ್ರದೊಳಕ್ಕೆ ಇದ್ದಕ್ಕಿದ್ದಂತೆ ಎರಡು ಮುಖಗಳು ಬಂದು ಇಣುಕುತ್ತವೆಯೇ? ಒಂದು ಹೆಲ್ಪ್‌ಮನ್ ಎಂಬ ಹಿರಿಯ ಅಧಿಕಾರಿಯದು, ಇನ್ನೊಂದು ಸ್ಯಾಮ್‌ಗೆ ಹಿಂಸೆ ಕೊಡುವ ಜ್ಯಾಕ್ ಲಿಂಟ್‌ನದು. ಅವು ಬಂದರೆ ನಿಮ್ಮದು ಗಿಲಿಯಂ ಅವರ ಚಿತ್ರ. ಕಣಿವೆ ಬರೀ ಕನಸು, ಸ್ಯಾಮ್ ಇನ್ನೂ ಹಿಂಸೆಯ ಕುರ್ಚಿಯಲ್ಲೇ ಇದ್ದಾನೆ ಎಂದು ತಿಳಿಯುವುದು ಆಗಲೇ. ಜೊತೆಗೆ 142 ನಿಮಿಷದ ಆವೃತ್ತಿಯಲ್ಲಿ, ಸೆರೆಯಲ್ಲಿರುವ ಸ್ಯಾಮ್‌ನನ್ನು ಹೆಲ್ಪ್‌ಮನ್ ಕ್ರಿಸ್‌ಮಸ್ ತಾತನ ವೇಷದಲ್ಲಿ ನೋಡಲು ಬರುವ ದೃಶ್ಯವಿದೆ. ಜಿಲ್ ಬದುಕಿಲ್ಲ ಎಂಬ ಮಾತು ಅಲ್ಲಿ ಬರುತ್ತದೆ. ನೀವು ನೋಡಿದ್ದರಲ್ಲಿ ಅದಿತ್ತೇ ಎಂದು ನೆನಪಿಸಿಕೊಳ್ಳಿ. ಅದನ್ನು ಕೇಳಿಸಿಕೊಂಡವರಿಗೆ ಮುಂದಿನ ‘ಬಿಡುಗಡೆ’ ಶುರುವಿನಿಂದಲೇ ಅನುಮಾನ ಹುಟ್ಟಿಸುತ್ತದೆ. ಕೇಳಿಸಿಕೊಳ್ಳದವರು ಕೊನೆಯ ಕ್ಷಣದವರೆಗೂ ನಂಬುತ್ತಾರೆ. ನಿಮ್ಮ ಅಂಕಣದ ಅರ್ಧ ಜಗಳ ಇಲ್ಲಿಂದ ಹುಟ್ಟಿರಬಹುದು.

‘ನಿರ್ದೇಶಕರು ಕೊನೆಯಲ್ಲಿ ನಮಗೆ ಮೋಸ ಮಾಡಿದರು’ ಎಂಬ ಆಕ್ಷೇಪಕ್ಕೆ ಸ್ವಲ್ಪ ವಿವರವಾಗಿ ಉತ್ತರಿಸಬೇಕು. ಸ್ಯಾಮ್ ಲೌರಿಯನ್ನು (ಜೊನಾಥನ್ ಪ್ರೈಸ್) ಕುರ್ಚಿಗೆ ಬಿಗಿದಿರುವ ಆ ದೈತ್ಯ ಕೋಣೆ ಸೆಟ್ ಅಲ್ಲ. ಲಂಡನ್ ಬಳಿಯ ಕ್ರಾಯ್ಡನ್‌ನ ವಿದ್ಯುತ್ ಸ್ಥಾವರದಲ್ಲಿ, ನೀರು ತಣಿಸುವ ಗೋಪುರದ ಒಳಗೇ ಚಿತ್ರೀಕರಿಸಿದ್ದು. ಮನುಷ್ಯ ಅಲ್ಲಿ ಇರುವೆಯಷ್ಟು ಕಾಣುತ್ತಾನೆ. ಹಿಂಸೆ ಕೊಡಲು ನಿಂತ ಜ್ಯಾಕ್ (ಮೈಕೆಲ್ ಪೇಲಿನ್) ಸ್ಯಾಮ್‌ನ ಹಳೆಯ ಗೆಳೆಯ, ತ್ರಿವಳಿ ಹೆಣ್ಣುಮಕ್ಕಳ ತಂದೆ. ಮುಖಕ್ಕೆ ಕೂಸಿನ ಮುಖವಾಡ ಹಾಕಿಕೊಂಡಿದ್ದಾನೆ. ಅವನು ಸಲಕರಣೆ ಹಿಡಿದು ಹತ್ತಿರ ಬರುತ್ತಿರುವಾಗ ಆ ಮುಖವಾಡದ ಹಣೆಯಲ್ಲಿ ಗುಂಡಿನ ತೂತು ಬೀಳುತ್ತದೆ. ನಿಜ ಮುಗಿದು ಕನಸು ಶುರುವಾಗುವುದು ಆ ಗುಂಡಿನ ಆಸುಪಾಸಿನಲ್ಲಿ. ಮುಂದಿನದನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ.

ಹಗ್ಗ ಹಿಡಿದು, ಸರ್ಕಾರ ಹುಡುಕುತ್ತಿರುವ ಟಟ್ಲ್ (ರಾಬರ್ಟ್ ಡಿ ನೀರೊ) ಮತ್ತು ಅವನ ಕಡೆಯವರು ಮೇಲಿನಿಂದ ಇಳಿಯುತ್ತಾರೆ. ಸಚಿವಾಲಯ ಸ್ಫೋಟಗೊಂಡು ಉರುಳುತ್ತದೆ. ಬೀದಿಯಲ್ಲಿ ಹಾರಾಡುವ ಕಾಗದಗಳು ಒಂದೊಂದಾಗಿ ಟಟ್ಲ್‌ನ ಮೈಗೆ ಅಂಟುತ್ತವೆ, ಕೊನೆಗೆ ಅವನು ಕಾಗದದ ಮೂಟೆಯಾಗುತ್ತಾನೆ. ಸ್ಯಾಮ್ ಓಡಿಬಂದು ಕಿತ್ತು ನೋಡಿದರೆ ಒಳಗೆ ಮನುಷ್ಯನೇ ಇಲ್ಲ. ಆಮೇಲೆ ಶವಸಂಸ್ಕಾರದ ಕೂಟ: ಸುಂದರಿಯಾಗಲು ಆಮ್ಲದ ಚಿಕಿತ್ಸೆ ಮಾಡಿಸಿಕೊಂಡ ತಾಯಿಯ ಗೆಳತಿ ಪೆಟ್ಟಿಗೆಯೊಳಗೆ ಲೋಳೆಯಾಗಿದ್ದಾಳೆ, ಸ್ವಂತ ತಾಯಿಗೆ ಜಿಲ್‌ಳ ಮುಖ ಬಂದಿದೆ. ಅಲ್ಲಿಂದ ಬಿದ್ದರೆ ಹಳೆಯ ಕನಸುಗಳ ಬೀದಿ, ಬೀದಿಯ ಕೊನೆಗೆ ಕೊಳವೆಗಳ ರಾಶಿ, ರಾಶಿಯ ಮೇಲೊಂದು ಬಾಗಿಲು, ಬಾಗಿಲಾಚೆ ಜಿಲ್‌ಳ ಲಾರಿ. ಇದರಲ್ಲಿ ಹೊಸಬರು ಯಾರಿದ್ದಾರೆ? ಒಬ್ಬರೂ ಇಲ್ಲ. ಸ್ಯಾಮ್ ಅದುವರೆಗೆ ಕಂಡ ಮುಖ, ಭಯ, ಕಾಗದಗಳೇ ಸ್ಥಾನ ಬದಲಿಸಿಕೊಂಡು ಬರುತ್ತಿವೆ. ಕೂಸಿನ ಮುಖವಾಡ ಕೂಡ ಹಿಂದಿನ ಕನಸುಗಳಲ್ಲಿ ಬಂದುಹೋದದ್ದೇ. ಸುಳಿವು ಸಾಲದು ಎನ್ನುವಂತಿಲ್ಲ. ನಾಯಕ ಬದುಕಲಿ ಎಂಬ ನಮ್ಮ ಆಸೆ ಸುಳಿವನ್ನು ನೋಡಗೊಡುವುದಿಲ್ಲ.

‘ಅವನ ಮನಸ್ಸು ಸ್ವತಂತ್ರವಾಯಿತು, ಆದ್ದರಿಂದ ಇದು ಗೆಲುವೇ’ ಎಂಬ ಅಭಿಪ್ರಾಯಕ್ಕೆ ನಿರ್ದೇಶಕರ ಬೆಂಬಲವೇ ಇದೆ. ಬುದ್ಧಿ ಕಳೆದುಕೊಳ್ಳುವುದೇ ಸುಖಾಂತವಾಗುವ ಕಥೆ ಮಾಡಬಹುದೇ ಎಂಬ ಅರ್ಥದ ಮಾತನ್ನು ಗಿಲಿಯಂ ಆಡಿದ್ದಾರೆ. ಆದರೂ ನಾವು ಅದನ್ನು ಒಪ್ಪುವುದಿಲ್ಲ. ಕಾರಣ ಚಿತ್ರದ ಮೊದಲ ಭಾಗದಲ್ಲಿಯೇ ಇದೆ.

ಕಚೇರಿಯಲ್ಲಿ ಒಬ್ಬ ನೌಕರ ಹುಳವೊಂದನ್ನು ಹೊಡೆಯುತ್ತಾನೆ. ಅದು ಬಂಧನದ ಆದೇಶ ಅಚ್ಚಾಗುತ್ತಿರುವ ಮುದ್ರಣಯಂತ್ರದೊಳಕ್ಕೆ ಬೀಳುತ್ತದೆ. ಟ ಬೀಳಬೇಕಾದ ಕಡೆ ಬ ಬೀಳುತ್ತದೆ, ಟಟ್ಲ್ ಇದ್ದವನು ಬಟ್ಲ್ ಆಗುತ್ತಾನೆ. ಕ್ರಿಸ್‌ಮಸ್ ಸಂಜೆ ಹೆಂಡತಿ-ಮಕ್ಕಳೊಂದಿಗೆ ಕೂತಿದ್ದ ಬಟ್ಲ್‌ನ ಮನೆಯ ಮೇಲ್ಛಾವಣಿ ಕೊರೆದು ಪೊಲೀಸರು ಇಳಿಯುತ್ತಾರೆ, ಅವನನ್ನು ಚೀಲಕ್ಕೆ ತುಂಬುತ್ತಾರೆ, ಹೆಂಡತಿಯಿಂದ ರಸೀದಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ತೂತು ಮುಚ್ಚಲು ತಂದ ಬಿರಡೆ ಅಳತೆ ತಪ್ಪಿ ಕೆಳಗಿನ ಕೋಣೆಗೆ ಬೀಳುತ್ತದೆ, ಯಾಕೆಂದರೆ ಮತ್ತೆ ಮೆಟ್ರಿಕ್ ಅಳತೆಗೆ ಬದಲಾದದ್ದನ್ನು ಕೆಲಸದವರಿಗೆ ಯಾರೂ ಹೇಳಿಲ್ಲ. ಬಟ್ಲ್ ವಿಚಾರಣೆಯಲ್ಲಿ ಸಾಯುತ್ತಾನೆ. ಅವನಿಗೆ ಹೃದಯದ ಕಾಯಿಲೆ ಇತ್ತು, ಆದರೆ ಜ್ಯಾಕ್ ಮುಂದಿದ್ದ ಕಡತ ಟಟ್ಲ್‌ನದು, ಅದರಲ್ಲಿ ಆ ಕಾಯಿಲೆಯ ಉಲ್ಲೇಖವಿರಲು ಸಾಧ್ಯವಿಲ್ಲ. ವಿಚಾರಣೆಯ ಖರ್ಚನ್ನೂ ಆರೋಪಿಯಿಂದಲೇ ವಸೂಲು ಮಾಡುವ ಆ ರಾಜ್ಯದಲ್ಲಿ ತಪ್ಪು ಖಾತೆಯಿಂದ ಕಡಿದುಕೊಂಡ ಹಣವನ್ನು ಹಿಂದಿರುಗಿಸಬೇಕಾಗುತ್ತದೆ. ಆ ಚೆಕ್ಕನ್ನು ವಿಧವೆಗೆ ತಲುಪಿಸಲು ಹೋಗುವವನು ಸ್ಯಾಮ್. ಗಂಡನ ದೇಹ ಎಲ್ಲಿ ಎಂದು ಆಕೆ ಕೇಳಿದರೆ ಅವನ ಬಳಿ ಉತ್ತರವಿಲ್ಲ. ಆ ಮನೆಯಲ್ಲಿ ಅವನ ಕಣ್ಣು ಹುಡುಕುವುದು, ಛಾವಣಿಯ ತೂತಿನಲ್ಲಿ ಕಂಡ ಜಿಲ್‌ಳ ಮುಖವನ್ನು, ತನ್ನ ಕನಸಿನ ಹುಡುಗಿಯನ್ನು.

ಸ್ಯಾಮ್ ಕೆಟ್ಟವನಲ್ಲ. ಆದರೆ ನಿಜ ಎದುರು ಬಂದಾಗಲೆಲ್ಲ ರೆಕ್ಕೆ ಕಟ್ಟಿಕೊಂಡು ಮೋಡದಲ್ಲಿ ಹಾರುವ ಅಭ್ಯಾಸ ಅವನದು. ಕುರ್ಚಿಯಲ್ಲಿ ಅವನಿಗಾಗುವುದು ಆ ಅಭ್ಯಾಸದ ಕೊನೆಯ ಹಂತ, ಮತ್ತೆ ಇಳಿಯಲಾಗದ ಹಾರಾಟ. ಅವನು ಗುನುಗುತ್ತಾ ಕೂತಿರುವಾಗ ಬಟ್ಲ್ ಸತ್ತೇ ಇದ್ದಾನೆ, ಯಂತ್ರಗಳು ನಡೆದೇ ಇವೆ, ಜ್ಯಾಕ್ ಕೆಲಸ ಮುಗಿಸಿ ಮಕ್ಕಳ ಬಳಿ ಹೋಗುತ್ತಾನೆ. ಇದನ್ನು ಗೆಲುವು ಎನ್ನಲು ನಮ್ಮ ನಾಲಗೆ ಏಳುವುದಿಲ್ಲ. ಹಾಗೆಂದು ಇದು ಬರೀ ಹತಾಶೆಯೂ ಅಲ್ಲ. ಯಾವ ಹಂತದಲ್ಲಿ ಯಾರು ಒಂದು ಮಾತು ಕೇಳಿದ್ದರೆ ಬಟ್ಲ್ ಉಳಿಯುತ್ತಿದ್ದ ಎಂಬುದನ್ನು ಚಿತ್ರ ಹೆಜ್ಜೆ ಹೆಜ್ಜೆಗೆ ಗುರುತು ಹಾಕಿ ತೋರಿಸುತ್ತದೆ: ಹುಳ ಹೊಡೆದವನು, ಹೆಸರು ಓದಿದವನು, ರಸೀದಿ ಬರೆದವನು, ಕಡತ ತೆರೆದವನು. ಸುಖಾಂತ ಮಾಡಿದರೆ ಈ ಸರಪಳಿಯೇ ನೋಡುಗರಿಗೆ ಮರೆತುಹೋಗುತ್ತದೆ. 94 ನಿಮಿಷದ ಆವೃತ್ತಿ ಮಾಡಿರುವ ನಷ್ಟ ಇದು.

ಆ ಆವೃತ್ತಿ ಚಿತ್ರಮಂದಿರಕ್ಕೆ ಬಾರದಂತೆ ತಡೆದದ್ದರಲ್ಲಿ ವಿಮರ್ಶಕರ ಪಾಲು ದೊಡ್ಡದು. ಗಿಲಿಯಂ 1985ರ ಅಕ್ಟೋಬರ್‌ನಲ್ಲಿ ‘ವೆರೈಟಿ’ ಪತ್ರಿಕೆಯಲ್ಲಿ ಕಪ್ಪು ಅಂಚಿನ ಇಡೀ ಪುಟದ ಜಾಹೀರಾತು ಕೊಟ್ಟು, ನನ್ನ ಚಿತ್ರವನ್ನು ಯಾವಾಗ ಬಿಡುಗಡೆ ಮಾಡುತ್ತೀರಿ ಎಂದು ಶೈನ್‌ಬರ್ಗ್ ಅವರನ್ನು ಹೆಸರು ಹಿಡಿದೇ ಕೇಳಿದರು. ಅಮೆರಿಕದಲ್ಲಿ ಇನ್ನೂ ಬಿಡುಗಡೆಯಾಗದ ಆ ಚಿತ್ರಕ್ಕೆ ಲಾಸ್ ಏಂಜಲೀಸ್‌ನ ವಿಮರ್ಶಕರ ಸಂಘ ಡಿಸೆಂಬರ್‌ನಲ್ಲಿ ಅತ್ಯುತ್ತಮ ಚಿತ್ರ, ನಿರ್ದೇಶನ, ಚಿತ್ರಕಥೆ ಪ್ರಶಸ್ತಿಗಳನ್ನು ಕೊಟ್ಟಿತು. ಸ್ಟುಡಿಯೊ ಮಣಿಯಿತು.

1982ರ ‘ಬ್ಲೇಡ್ ರನ್ನರ್’ಗೂ ಇದೇ ಕಾಯಿಲೆ ತಗುಲಿತ್ತು. ಪ್ರಾಯೋಗಿಕ ಪ್ರದರ್ಶನಗಳಲ್ಲಿ ಪ್ರೇಕ್ಷಕರು ಮೆಚ್ಚಲಿಲ್ಲವೆಂದು ನಾಯಕ-ನಾಯಕಿ ಹಸಿರು ಬೆಟ್ಟಗಳ ನಡುವೆ ಕಾರಿನಲ್ಲಿ ಹೋಗುವ ಕೊನೆ ಸೇರಿಸಿದರು; ಆ ಬೆಟ್ಟಗಳು ‘ದಿ ಶೈನಿಂಗ್’ ಚಿತ್ರಕ್ಕಾಗಿ ತೆಗೆದು ಮಿಕ್ಕಿದ್ದ ಆಕಾಶಚಿತ್ರಣ. 1992ರ ಆವೃತ್ತಿಯಲ್ಲಿ ಅದನ್ನು ಕಿತ್ತುಹಾಕಲಾಯಿತು. ಅಲ್ಲಿಯೂ ಹಸಿರು, ಇಲ್ಲಿಯೂ ಹಸಿರು. ಅಂಥ ಹಸಿರನ್ನು ಪೂರ್ತಿ ತೋರಿಸಿ, ಅದರೊಳಗೇ ಎರಡು ಮುಖ ತೂರಿಸಿ, ಅದು ಸುಳ್ಳೆಂದು ಹೇಳುವ ಧೈರ್ಯ ಗಿಲಿಯಂ ಅವರದು.

ಇನ್ನು, ಊರುಗಳಲ್ಲಿ ಕಾಲೇಜು, ಗ್ರಂಥಾಲಯ, ಚಿತ್ರಕೂಟಗಳಲ್ಲಿ ಇದನ್ನು ತೋರಿಸುವವರಿಗೆ ಕೆಲವು ಮಾತು. ಚಿತ್ರದ ಚೌಕಟ್ಟಿನ ಅನುಪಾತ 1.85ಕ್ಕೆ 1. ಹಳೆಯ ಟಿ.ವಿ.ಗಾಗಿ ಎರಡೂ ಬದಿ ಕತ್ತರಿಸಿದ ಪ್ರತಿಯಲ್ಲಿ ಅಗಲದ ಕಾಲು ಭಾಗಕ್ಕಿಂತ ಹೆಚ್ಚು ಹೋಗಿರುತ್ತದೆ. ಆ ಮುಖಗಳು ಬಂದು ಕಣಿವೆಯನ್ನು ಆವರಿಸುವ ಪೆಟ್ಟು ಅಂಥ ಪ್ರತಿಯಲ್ಲಿ ಮಂಕಾಗುತ್ತದೆ. ಪ್ರೊಜೆಕ್ಟರ್‌ನಲ್ಲಿ ಪರದೆ ತುಂಬಲೆಂದು ಚಿತ್ರವನ್ನು ಹಿಗ್ಗಿಸಬೇಡಿ. ಮೇಲೆ-ಕೆಳಗೆ ಸಣ್ಣ ಕಪ್ಪು ಪಟ್ಟಿ ಉಳಿದರೆ ಉಳಿಯಲಿ. ಕತ್ತಲೆಯ ದೃಶ್ಯಗಳೇ ಹೆಚ್ಚಾದ್ದರಿಂದ ಕಿಟಕಿಗೆ ದಪ್ಪ ಬಟ್ಟೆ ಕಟ್ಟದೆ ಹಗಲಿನಲ್ಲಿ ತೋರಿಸಿದರೆ ಏನೂ ಕಾಣದು.

ಅತಿ ಹೆಚ್ಚು ಹಾಳಾಗುವುದು ಕಡೆಯ ನಿಮಿಷ. ಯುರೋಪಿನ ಆವೃತ್ತಿಯಲ್ಲಿ ಹೆಸರುಗಳ ಪಟ್ಟಿ ಓಡುವುದು ಕುರ್ಚಿಯಲ್ಲಿ ಕೂತ ಸ್ಯಾಮ್‌ನ ಚಿತ್ರದ ಮೇಲೆಯೇ. ಹೆಸರು ಕಂಡೊಡನೆ ದೀಪ ಹಾಕಿದರೆ ಚಿತ್ರದ ಕೊನೆಯನ್ನೇ ಆರಿಸಿದಂತೆ. ಒಟಿಟಿಯಲ್ಲಾದರೆ ಹೆಸರುಗಳು ಶುರುವಾದ ಕೂಡಲೇ ಚಿತ್ರ ಮೂಲೆಗೆ ಕುಗ್ಗಿ ಮುಂದಿನ ಚಿತ್ರದ ಜಾಹೀರಾತು ಬರುವುದುಂಟು. ತಾನಾಗಿ ಮುಂದಿನದಕ್ಕೆ ಹೋಗುವ ಸೌಲಭ್ಯವನ್ನು ಪ್ರದರ್ಶನಕ್ಕೆ ಮೊದಲೇ ಆರಿಸಿಡಿ, ರಿಮೋಟ್ ಹಿಡಿದವರಿಗೆ ಹೇಳಿಡಿ. ಕೊನೆಯ ಹೆಸರು ಹೋಗುವವರೆಗೆ ದೀಪ ಬೇಡ, ಮೈಕ್ ಬೇಡ, ವಂದನಾರ್ಪಣೆಯೂ ಬೇಡ.

ಕನ್ನಡದಲ್ಲಿ ಅಡಿಬರಹ ಮಾಡಿಕೊಳ್ಳುವವರು ಕಡೆಯ ಎರಡು ಮಾತುಗಳಿಗೆ ಸಮಯ ಕೊಡಬೇಕು. ಹೆಲ್ಪ್‌ಮನ್‌ನ ‘ಹೀಸ್ ಗಾಟ್ ಅವೇ ಫ್ರಮ್ ಅಸ್’ ಎಂಬ ಮಾತಿಗೆ ‘ತಪ್ಪಿಸಿಕೊಂಡ’ ಎಂದು ಬರೆದರೆ ಸಾಹಸದ ಅರ್ಥ ಮಾತ್ರ ಬರುತ್ತದೆ. ‘ಕೈತಪ್ಪಿ ಹೋದ’ ಎಂದರೆ ಅಧಿಕಾರಿಯ ಬೇಸರವೂ ಬರುತ್ತದೆ, ಸ್ಯಾಮ್‌ನ ಸ್ಥಿತಿಯೂ ತಿಳಿಯುತ್ತದೆ. ಜ್ಯಾಕ್‌ನ ‘ಹೀಸ್ ಗಾನ್’ ಎಂಬ ಉತ್ತರಕ್ಕೆ ನಮ್ಮ ಭಾಷೆಯ ‘ಹೋದ’ ಎಂಬ ಒಂದೇ ಪದ ಸಾಕು. ಊರು ಬಿಟ್ಟವನಿಗೂ ಪ್ರಾಣ ಬಿಟ್ಟವನಿಗೂ ನಾವು ಬಳಸುವ ಮಾತು ಅದೇ ತಾನೆ.

ಪತ್ರಿಕೆಗೆ ನಮ್ಮ ಕೋರಿಕೆ ಒಂದಿದೆ. ಹಳೆಯ ಚಿತ್ರಗಳ ಬಗ್ಗೆ ಲೇಖನವನ್ನೋ ಪ್ರದರ್ಶನದ ಪ್ರಕಟಣೆಯನ್ನೋ ಅಚ್ಚು ಮಾಡುವಾಗ ಹೆಸರು, ವರ್ಷಗಳ ಜೊತೆಗೆ ಅವಧಿಯನ್ನೂ ಆವೃತ್ತಿಯನ್ನೂ ಸೇರಿಸಿ. ಆವರಣದಲ್ಲಿ ‘142 ನಿಮಿಷ’ ಎಂದಿದ್ದರೆ ಸಾಕು. ಮುಂದೆ ಪತ್ರ ಬರೆಯುವ ಓದುಗರೂ ತಾವು ನೋಡಿದ್ದು ಎಷ್ಟು ನಿಮಿಷದ್ದು ಎಂದು ಮೊದಲ ಸಾಲಿನಲ್ಲಿಯೇ ತಿಳಿಸಲಿ.

ಇಂತಿ,
ಚಿತ್ರಕೂಟದ ಕೆಲವು ಸದಸ್ಯರು
ಶಿವಮೊಗ್ಗ