ಬೆಂಕಿಯಿಂದ ಶುರು ಮಾಡಬೇಡ

ಪ್ರೀತಿಯ ತಮ್ಮಾ,

ನಿನ್ನ ಬರಹ ಓದಿದೆ. ಅರ್ಜೆಂಟೀನಾದ ಟ್ಯಾಂಗೋ ಹಾಡುಗಾರ ಕಾರ್ಲೋಸ್ ಗಾರ್ಡೆಲ್ ಸತ್ತನಲ್ಲ, ಕೊಲಂಬಿಯಾದ ಮೆಡೆಲಿನ್ ಊರಿನ ಆ 1935ರ ವಿಮಾನ ಅಪಘಾತದ ಬಗ್ಗೆ ಕನ್ನಡದಲ್ಲಿ ಬರೆಯೋಣ ಅಂತ ನಿನಗೆ ಹೊಳೆಯಿತಲ್ಲ, ಅದೇ ನನಗೆ ಖುಷಿ. ಹೊಗಳಿಕೆ ಇಷ್ಟು ಸಾಕು. ಇನ್ನು ಕೆಲಸದ ಮಾತು.

ಮೊದಲ ಸಾಲಿನಲ್ಲೇ ಬೆಂಕಿ ಹಚ್ಚಿದ್ದೀಯ. ‘ಜ್ವಾಲೆಗಳ ನಡುವೆ ಟ್ಯಾಂಗೋ ಸಾಮ್ರಾಟ ಕಣ್ಮುಚ್ಚಿದ’ ಅಂತ. ಆ ಸಾಮ್ರಾಟ ಯಾರು, ಅಲ್ಲಿಗೆ ಯಾಕೆ ಹೋಗಿದ್ದ, ಒಂದೂ ಗೊತ್ತಿಲ್ಲದ ಓದುಗನಿಗೆ ಆ ಬೆಂಕಿಯ ಬಿಸಿ ತಟ್ಟುವುದಿಲ್ಲ. ಮುಂದೆ ಕಾರ್ಲೋಸ್ ಗಾರ್ಡೆಲ್‌ನನ್ನು ‘ಅರ್ಜೆಂಟೀನಾದ ರಾಜ್‌ಕುಮಾರ್’ ಅಂದಿದ್ದೀಯ. ಅದನ್ನು ಹೊಡೆದು ಹಾಕು. ಓದುಗ ಅಲ್ಲಿಂದಾಚೆ ಅಣ್ಣಾವ್ರನ್ನೇ ನೆನೆಸಿಕೊಂಡು ಕೂರುತ್ತಾನೆ, ಗಾರ್ಡೆಲ್ ಕಡೆ ತಿರುಗಿಯೂ ನೋಡಲ್ಲ. ಬ್ಯೂನಸ್ ಐರಿಸ್‌ನಲ್ಲಿ ಅವನ ಸಮಾಧಿಯ ಮೇಲೊಂದು ಪ್ರತಿಮೆ ಇದೆ. ಅದರ ಬೆರಳ ಸಂದಿಗೆ ಜನ ಇವತ್ತಿಗೂ ಹೊತ್ತಿಸಿದ ಸಿಗರೇಟು ಸಿಕ್ಕಿಸಿ ಹೋಗುತ್ತಾರೆ. ಅವನು ಎಂಥ ಹಾಡುಗಾರ ಅನ್ನೋದಕ್ಕೆ ಅಷ್ಟು ಹೇಳು, ಸಾಕು.

ನಾನಾಗಿದ್ದರೆ ದಾರಿಯಿಂದ ಶುರು ಮಾಡುತ್ತಿದ್ದೆ. ಕೊಲಂಬಿಯಾದಲ್ಲಿ ಆಂಡಿಸ್ ಪರ್ವತ ಮೂರು ಸಾಲಾಗಿ ಕವಲೊಡೆಯುತ್ತದೆ. ಒಂದು ಊರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಚಳಿಯ ಬೆಟ್ಟ ಹತ್ತಿ, ಬೇಯುವ ಕಣಿವೆಗೆ ಇಳಿದು, ಮತ್ತೆ ಹತ್ತಬೇಕು. ಕರಾವಳಿಯ ಬರಾಂಕಿಯಾದಿಂದ ಮಗ್ದಲೇನಾ ನದಿಯ ಸ್ಟೀಮರ್ ಹಿಡಿದರೆ ಒಳನಾಡು ಮುಟ್ಟಲು ವಾರಕ್ಕಿಂತ ಜಾಸ್ತಿ. ನೀರು ಇಳಿದಿದ್ದರಂತೂ ಮರಳದಿಬ್ಬಕ್ಕೆ ಸಿಕ್ಕಿಕೊಂಡು ದಿನಗಟ್ಟಲೆ ಕೂರಬೇಕು. ಇಂಥ ದೇಶವಾದ್ದರಿಂದಲೇ 1919ರಷ್ಟು ಹಿಂದೆಯೇ ಅಲ್ಲಿ ಸ್ಕಾಡ್ಟಾ ಅನ್ನುವ ವಿಮಾನ ಕಂಪನಿ ಹುಟ್ಟಿತು. ಜರ್ಮನ್ನರೂ ಕೊಲಂಬಿಯದವರೂ ಸೇರಿ ಕಟ್ಟಿದ್ದು. ನೀರಿನ ಮೇಲೆ ಇಳಿಯುವ ಅವರ ಯುಂಕರ್ಸ್ ವಿಮಾನಗಳು ನದಿಯನ್ನೇ ರನ್‌ವೇ ಮಾಡಿಕೊಂಡು ಅದೇ ದೂರವನ್ನು ಒಂದು ಹಗಲಲ್ಲಿ ಮುಗಿಸುತ್ತಿದ್ದವು. 1924ರ ಜೂನ್‌ನಲ್ಲಿ ಕಂಪನಿ ಕಟ್ಟಿದವರಲ್ಲಿ ಮುಖ್ಯನಾದ ಎರ್ನೆಸ್ಟೊ ಕೊರ್ಟಿಸೋಸ್ ಬರಾಂಕಿಯಾದಲ್ಲಿ ತಮ್ಮದೇ ವಿಮಾನ ಬಿದ್ದು ಸತ್ತ. ಆಮೇಲೂ ಜನ ವಿಮಾನ ಹತ್ತಿದರು. ಯಾಕೆ ಹತ್ತಿದರು ಅನ್ನೋದು ಓದುಗನಿಗೆ ಅರ್ಥವಾದರೆ ನಿನ್ನ ಅರ್ಧ ಕೆಲಸ ಮುಗಿದ ಹಾಗೆ.

ಗಾರ್ಡೆಲ್ ಶವ ಊರಿಗೆ ಹೋದ ವಿಷಯವನ್ನು ನೀನು ಕೊನೆಗೆ ಇಟ್ಟಿದ್ದೀಯ. ಅದನ್ನು ಎತ್ತಿ ಈ ದಾರಿಯ ಪ್ಯಾರಾ ಪಕ್ಕಕ್ಕೆ ತಾ. ಮೆಡೆಲಿನ್‌ನಲ್ಲಿ ಹೂತಿದ್ದ ಶವವನ್ನು ಅದೇ ವರ್ಷ ಡಿಸೆಂಬರ್‌ನಲ್ಲಿ ಹೊರತೆಗೆದರು. ರೈಲು ಹೋಗುವಷ್ಟು ದೂರ ರೈಲು. ಹಳಿ ಮುಗಿದ ಕಡೆ ಹೇಸರಗತ್ತೆಯ ಬೆನ್ನು, ಆಳುಗಳ ಹೆಗಲು. ಬೆಟ್ಟ ದಾಟಿದ ಮೇಲೆ ಮತ್ತೆ ರೈಲು, ಬ್ಯೂನವೆಂಚುರಾ ಬಂದರು, ಅಲ್ಲಿಂದ ಹಡಗು. ನ್ಯೂಯಾರ್ಕ್ ಸುತ್ತಿಕೊಂಡು ಬ್ಯೂನಸ್ ಐರಿಸ್ ತಲುಪುವಾಗ 1936ರ ಫೆಬ್ರವರಿ. ಕೊನೆಗಿಟ್ಟರೆ ಇದು ಬರೀ ಕಣ್ಣೀರು ತರಿಸುತ್ತದೆ. ಇಲ್ಲಿಟ್ಟರೆ, ವಿಮಾನ ಇಲ್ಲದಿದ್ದರೆ ಆ ನಾಡಿನಲ್ಲಿ ಓಡಾಟ ಹೇಗಿರುತ್ತಿತ್ತು ಅಂತ ತೋರಿಸುತ್ತದೆ.

ಇನ್ನು ಜಾಗ. ‘ವಿಧಿಯಾಟ’ ಅನ್ನುವ ಮಾತು ನಿನ್ನ ಬರಹದಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಅದರ ಬದಲು ಗಾಳಿಯ ಬಗ್ಗೆ ಬರಿ. ಮೆಡೆಲಿನ್ ಸಮುದ್ರಮಟ್ಟದಿಂದ ಸುಮಾರು 1500 ಮೀಟರ್ ಎತ್ತರದಲ್ಲಿದೆ. ಸುತ್ತ ಬೆಟ್ಟಗಳು, ನಡುವೆ ಇಕ್ಕಟ್ಟಾದ ಆಬುರ್ರಾ ಕಣಿವೆ, ಅದರ ತಳದಲ್ಲಿ ವಿಮಾನ ಇಳಿಯುವ ಬಯಲು. ಆ ಎತ್ತರದಲ್ಲಿ ಗಾಳಿ ತೆಳುವಾಗಿರುತ್ತದೆ. ಮಧ್ಯಾಹ್ನದ ಕಾವೂ ಸೇರಿದರೆ ಕಡಲತೀರಕ್ಕಿಂತ ಸುಮಾರು ಐದನೇ ಒಂದು ಭಾಗ ತೆಳುವಾಗುತ್ತದೆ. ರೆಕ್ಕೆಗೆ ಎತ್ತುವ ಬಲ ಸಾಲದು, ಎಂಜಿನ್ನಿಗೆ ಉಸಿರು ಸಾಲದು, ಪ್ರೊಪೆಲ್ಲರ್‌ಗೆ ಹಿಡಿತ ಸಾಲದು. ವಿಮಾನ ನೆಲ ಬಿಡೋಕೆ ಮುಂಚೆ ಜಾಸ್ತಿ ದೂರ ಓಡಬೇಕು. ಇದರ ಮೇಲೆ ಕಣಿವೆ ಗಾಳಿಯ ಕಾಟ ಬೇರೆ. ಬಿಸಿಲಿಗೆ ಕಾದ ಇಳಿಜಾರುಗಳು ಗಾಳಿಯನ್ನು ಮೇಲಕ್ಕೆ ಎಳೆಯುತ್ತವೆ. ಬೆಳಿಗ್ಗೆ ತೆಪ್ಪಗಿದ್ದದ್ದು ಮಧ್ಯಾಹ್ನ ಎಲ್ಲಿಂದಲೋ ನುಗ್ಗುತ್ತದೆ. ಬೆಟ್ಟದ ಸೀಮೆಯಲ್ಲಿ ಹಾರಿಸುವವರು ಬೆಳಿಗ್ಗೆಯೇ ಹೊರಡಲು ನೋಡುವುದು ಇದಕ್ಕೇ. ಗಾರ್ಡೆಲ್ ವಿಮಾನ ಓಟ ಶುರು ಮಾಡಿದ್ದು ಮಧ್ಯಾಹ್ನ ಸುಮಾರು ಮೂರು ಗಂಟೆಗೆ. ಈ ಹೊತ್ತು ನಿನ್ನ ಬರಹದಲ್ಲಿ ಎಲ್ಲೂ ಇಲ್ವಲ್ಲ ಮಾರಾಯ!

ಇನ್ನೊಂದು. ‘ಆಗಸದಿಂದ ಉರುಳಿತು’ ಅಂತ ಬರೆದಿದ್ದೀಯ. ಅದು ಆಗಸಕ್ಕೆ ಏರಲೇ ಇಲ್ಲ. ಜೂನ್ 24, ಸೋಮವಾರ. ಬೊಗೊಟಾದಿಂದ ಕಾಲಿ ಅನ್ನುವ ಊರಿಗೆ ಹೊರಟ, ಗಾರ್ಡೆಲ್ ಇದ್ದ ಫೋರ್ಡ್ ಟ್ರೈಮೋಟರ್ ವಿಮಾನ ಇಂಧನ ತುಂಬಿಸಿಕೊಳ್ಳಲು ಮೆಡೆಲಿನ್‌ನಲ್ಲಿ ಇಳಿದಿತ್ತು. ಮೂರು ಎಂಜಿನ್, ಸುಕ್ಕುಸುಕ್ಕಾದ ಲೋಹದ ಮೈ. ಅಲ್ಲಿಂದ ಮುಂದಕ್ಕೆ ಹಾರಿಸಲು ಕೂತವನು ಸ್ಕಾಡ್ಟಾಕ್ಕೆ ಪೈಪೋಟಿಯಾಗಿದ್ದ ಸಾಕೊ ಅನ್ನುವ ವಿಮಾನ ಕಂಪನಿಯ ಸ್ಥಾಪಕ ಎರ್ನೆಸ್ಟೊ ಸ್ಯಾಂಪರ್. ಓಡುತ್ತಿದ್ದ ವಿಮಾನ ದಾರಿ ಬಿಟ್ಟು ವಾಲಿತು. ಪಕ್ಕದಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ಸ್ಕಾಡ್ಟಾದ ‘ಮನಿಸಾಲೆಸ್’ ವಿಮಾನಕ್ಕೆ ಹೋಗಿ ಗುದ್ದಿತು. ಅದೂ ಫೋರ್ಡ್ ಟ್ರೈಮೋಟರೇ. ಎರಡೂ ಹೊತ್ತಿ ಉರಿದವು. ಗಾರ್ಡೆಲ್ ವಿಮಾನದಲ್ಲಿ 13 ಜನ, ‘ಮನಿಸಾಲೆಸ್’ನಲ್ಲಿ 7. ಉಳಿದವರು ಮೂವರು. ನಿನ್ನ ಬೆಂಕಿಗೆ ಜಾಗ ಇದು, ಎರಡು ಸಾಲು ಸಾಕು.

ಗಾಳಿಸುದ್ದಿ ವಿಷಯದಲ್ಲಿ ಹುಷಾರು. ಎರಡೂ ಕಂಪನಿಗಳ ನಡುವೆ ಪೈಪೋಟಿ ಇತ್ತು, ನಿಜ. ಅದರಿಂದ ಪೈಲಟ್‌ಗಳು ಬೇಕಂತಲೇ ಸೆಣಸಿದರು ಅನ್ನುವ ಕಥೆ ಹುಟ್ಟಿತು. ವಿಮಾನದೊಳಗೆ ಗುಂಡು ಹಾರಿತಂತೆ ಅನ್ನುವ ಕಥೆಯೂ ಹುಟ್ಟಿತು, ಯಾಕೆಂದರೆ ಗಾರ್ಡೆಲ್ ದೇಹದಲ್ಲಿ ಗುಂಡು ಸಿಕ್ಕಿತ್ತು. ನೀನು ಅಲ್ಲಿಗೇ ನಿಲ್ಲಿಸಿ, ಚುಕ್ಕಿ ಚುಕ್ಕಿ ಇಟ್ಟು ಓದುಗನನ್ನು ತೂಗಾಡಿಸಿದ್ದೀಯ. ಅದು ಮೋಸ. ಆ ಗುಂಡು 1915ರದ್ದು. ಬ್ಯೂನಸ್ ಐರಿಸ್‌ನಲ್ಲಿ ಒಂದು ರಾತ್ರಿ ಜಗಳದಲ್ಲಿ ಅವನಿಗೆ ತಗುಲಿದ್ದು. ತೆಗೆಯದೆ ಹಾಗೇ ಬಿಟ್ಟಿದ್ದರು, ಇಪ್ಪತ್ತು ವರ್ಷ ಅದನ್ನು ಎದೆಯಲ್ಲಿಟ್ಟುಕೊಂಡೇ ಹಾಡಿದ. ಚುಕ್ಕಿಗಳಿಗಿಂತ ಈ ಸಂಗತಿ ಎಷ್ಟು ಮಜವಾಗಿದೆ ನೋಡು. ತನಿಖೆ ಬೊಟ್ಟು ಮಾಡಿದ್ದು ಥಟ್ಟನೆ ನುಗ್ಗಿದ ಗಾಳಿ ಮತ್ತು ಆ ಬಯಲಿನ ರಚನೆಯ ಕಡೆಗೆ. ಸಾಮಾನು ಜಾಸ್ತಿಯಾಗಿತ್ತು ಅನ್ನುವ ಮಾತೂ ಇದೆ. ಅದನ್ನು ಮಾತು ಅಂತಲೇ ಹಾಕು. ಖಳನಾಯಕ ಸಿಗಲಿಲ್ಲ ಅಂತ ಬರಹ ಸಪ್ಪೆಯಾಗಲ್ಲ.

‘ಮನಿಸಾಲೆಸ್’ನ ಏಳು ಜನರೂ ಸತ್ತರು. ನೀನು ಹೆಸರಿಸಿರುವುದು ಪೈಲಟ್ ಹಾನ್ಸ್ ಥಾಮ್ ಒಬ್ಬನನ್ನೇ, ಅದೂ ಸ್ಯಾಂಪರ್‌ನ ಎದುರಾಳಿ ಅಂತ. ಉಳಿದವರು ಗಾರ್ಡೆಲ್ ಕಥೆಯಲ್ಲಿ ಇವತ್ತಿನವರೆಗೂ ಬರೀ ಒಂದು ಸಂಖ್ಯೆ. ಸುಮ್ನೆ ಸರದಿಗಾಗಿ ಕಾಯುತ್ತಾ ಕೂತಿದ್ದವರು ಅವರು. ಎಲ್ಲಿಗೆ ಹೊರಟಿದ್ದರು, ಏನು ಕೆಲಸ ಮಾಡುತ್ತಿದ್ದರು, ಹುಡುಕು. ‘ಎಲ್ ಕೊಲಂಬಿಯಾನೊ’ ಪತ್ರಿಕೆ 1912ರಲ್ಲಿ ಮೆಡೆಲಿನ್‌ನಲ್ಲೇ ಶುರುವಾದದ್ದು, ಆ ವಾರದ ಸಂಚಿಕೆಗಳಿಂದ ಶುರು ಮಾಡು. ಸ್ಪ್ಯಾನಿಷ್ ಓದಿ ಹೇಳುವವರು ಬೇಕಾದರೆ ಫೋನ್ ಮಾಡು, ನನಗೆ ಪರಿಚಯದವರಿದ್ದಾರೆ. ಅಲ್ಲಿವರೆಗೆ ಇದನ್ನು ಯಾವ ಸಂಪಾದಕರಿಗೂ ಕಳಿಸಬೇಡ.

ಇಂತಿ,
ನಿನ್ನ ಅಕ್ಕ