ಒಸಾಕಾದ ಆ ಕರಪತ್ರ

ಸಂಪಾದಕರೇ,

ಆಗಸ್ಟ್ ಬಂದರೆ ನಮ್ಮ ಪತ್ರಿಕೆಗಳಲ್ಲಿ ಹಿರೋಶಿಮಾ, ನಾಗಸಾಕಿ ತಪ್ಪದೆ ಬರುತ್ತವೆ. ಒಸಾಕಾ ಬರುವುದಿಲ್ಲ. 1945ರ ಆಗಸ್ಟ್ 14ರಂದು, ಜಪಾನಿನ ಶರಣಾಗತಿ ರೇಡಿಯೊದಲ್ಲಿ ಬಿತ್ತರವಾಗುವ ಹಿಂದಿನ ದಿನ, ಅಮೆರಿಕದ ಬಾಂಬರ್‌ಗಳು ಆ ಊರಿನ ಮೇಲೆ ಎರಗಿದವು. ದಾಳಿ ನಿಂತ ಮೇಲೆ ಹದಿಮೂರರ ಹುಡುಗನೊಬ್ಬ ಹೊರಬಂದು ನೆಲದಿಂದ ಕರಪತ್ರವೊಂದನ್ನು ಹೆಕ್ಕಿಕೊಂಡ. ವಿಮಾನಗಳೇ ಉದುರಿಸಿದ್ದು. ಯುದ್ಧ ಮುಗಿದಿದೆ, ನಿಮ್ಮ ಸರ್ಕಾರ ಶರಣಾಗಿದೆ ಎಂದಿತ್ತು! ಹಾಗಾದರೆ ಈಗಷ್ಟೇ ಸತ್ತವರು ಸತ್ತದ್ದು ಯಾತಕ್ಕೆ? ಮಕೊಟೊ ಒಡಾ ಎಂಬ ಆ ಹುಡುಗ ಲೇಖಕನಾಗಿ ಬದುಕಿಡೀ ಕೆದಕಿದ್ದು ಇದನ್ನೇ.

1965ರಲ್ಲಿ ಒಡಾ ವಿಯೆಟ್ನಾಂ ಯುದ್ಧದ ವಿರುದ್ಧ ಗೆಳೆಯರೊಡನೆ ‘ಬೆಹೆಇರೆನ್’ ಎಂಬ ಸಂಘಟನೆ ಕಟ್ಟಿದರು. ಸದಸ್ಯತ್ವದ ರಗಳೆಯೇ ಇಲ್ಲ, ಬಂದವರೆಲ್ಲ ನಮ್ಮವರೇ. 1967ರಲ್ಲಿ ವಿಮಾನವಾಹಕ ನೌಕೆ ತೊರೆದ ನಾಲ್ವರು ಅಮೆರಿಕನ್ ನಾವಿಕರನ್ನು ಸೋವಿಯತ್ ದಾರಿಯಾಗಿ ಸ್ವೀಡನ್ನಿಗೆ ದಾಟಿಸಿದ್ದು ಇದೇ ಗುಂಪು. ಜಪಾನೀಯರು ಬರೀ ಬಲಿಪಶುಗಳಲ್ಲ, ಹಿಂಸೆಯಲ್ಲಿ ಪಾಲುದಾರರೂ ಹೌದು ಎಂದು ಒಡಾ ತಮ್ಮವರಿಗೇ ಹೇಳಿದರಲ್ಲ, ನನಗೆ ಅದೇ ದೊಡ್ಡದು. ಜಪಾನಿನ ಸಂವಿಧಾನದ ಯುದ್ಧತ್ಯಾಗದ 9ನೇ ವಿಧಿ ಉಳಿಸಲು 2004ರಲ್ಲಿ ಮುಂದೆ ಬಂದ ಒಂಬತ್ತು ಮಂದಿಯಲ್ಲೂ ಇದ್ದರು. ತೀರಿಕೊಂಡದ್ದು 2007ರ ಜುಲೈ 30ರಂದು.

ಬರುವ ಆಗಸ್ಟ್ 14ಕ್ಕೆ ಒಸಾಕಾಕ್ಕೂ ಅರ್ಧ ಕಾಲಂ ಜಾಗ ಸಿಕ್ಕೀತೇ?

– ಒಬ್ಬ ಓದುಗ, ಧಾರವಾಡ